ಸೂಪು ಸೋಸಿದ ಕೈ

ಒಂದು ಚಮಚ ತಿಳಿ ಸೂಪು ಕುಡಿದ ಮಾವ, ಬಟ್ಟಲನ್ನು ದೀಪದ ಕಡೆಗೆ ವಾಲಿಸಿ ಅದರ ತಳ ನೋಡತೊಡಗಿದರು. ಅದು ಬೆಂಗಳೂರಿನ ದುಬಾರಿ ಚೈನೀಸ್ ಹೋಟೆಲು. ನನ್ನ ಸೋದರಮಾವ ಬಂಗಾರಪೇಟೆಯಲ್ಲಿ ಮೂವತ್ತು ವರ್ಷದಿಂದ ಪಾನಿಪೂರಿ ಗಾಡಿ ಇಟ್ಟವರು. ಸೂಪಿನಲ್ಲಿ ಏನೋ ಬಿದ್ದಿರಬೇಕೆಂದು ನಾನು ಹೆದರುವಷ್ಟರಲ್ಲಿ, ಅಡುಗೆಯವರನ್ನು ನೋಡಬೇಕು ಎಂದು ವೇಟರ್‌ಗೆ ಹೇಳಿಯೇಬಿಟ್ಟರು.

"ಬ್ಯಾಡ ಮಾವ, ಸುಮ್ನೆ ಊಟ ಮಾಡು" ಎಂದೆ. ಕೇಳಲಿಲ್ಲ.

ಬಿಳಿ ಟೋಪಿಯ ಬಾಣಸಿಗರು ಮುಖ ಗಂಟಿಕ್ಕಿಕೊಂಡೇ ಬಂದರು. ಮಾವ ಎದ್ದು ನಿಂತರು. "ಇದನ್ನ ಸೋಸುವಾಗ ಬಟ್ಟೆ ಇಂಡಿಲ್ಲ, ಅಲ್ವಾ ಸ್ವಾಮಿ? ಇಂಡಿದ್ರೆ ಕದಡೋಗಿರೋದು. ನಾನೂ ನನ್ ಪಾನಿಗೆ ಇಂಡಲ್ಲ. ಎಷ್ಟೊತ್ತಾದ್ರೂ ತಾನಾಗೇ ತೊಟ್ಟಿಕ್ಲಿ ಅಂತ ಬಿಟ್ಬಿಡ್ತೀನಿ."

ಬಾಣಸಿಗರ ಮುಖದ ಗಂಟು ಸಡಿಲವಾಯಿತು. "ಚೆನ್ನಾಗಿದೆ ಅಂತ ತುಂಬ ಜನ ಹೇಳ್ತಾರೆ ಸರ್. ಬಟ್ಟೆ ವಿಷಯ ಇವತ್ತಿನವರೆಗೆ ಯಾರೂ ಕೇಳಿರಲಿಲ್ಲ" ಎಂದವರೇ ಟೋಪಿ ತೆಗೆದು ಮಾವನ ಕೈ ಹಿಡಿದುಕೊಂಡರು. ಆಮೇಲೆ ಇಬ್ಬರೂ ನಿಂತೇ ಮಾತಿಗಿಳಿದರು, ಯಾವ ಬಟ್ಟೆ, ಎಷ್ಟು ಮಡಿಕೆ ಎಂದು. ನನ್ನ ನೂಡಲ್ಸ್ ಆರಿಹೋಯಿತು.

ಮಾವನಿಗೆ ದೊಡ್ಡ ಊರಿನ ರುಚಿ ತೋರಿಸುತ್ತೇನೆಂದು ಕರೆದೊಯ್ದವಳು ನಾನು. ನಮ್ಮೂರ ಪಾನಿ ಬೇರೆಡೆಯಂತೆ ಹಸಿರಲ್ಲ, ಬಾವಿ ನೀರಿನಷ್ಟು ತಿಳಿ. ಮಾವನ ಗಾಡಿಯ ಮುಂದೆ ನಿಂತು ಚಿಕ್ಕಂದಿನಿಂದ ಅದನ್ನು ಕುಡಿದಿದ್ದೇನೆ. ಹೇಗೆ ಅಷ್ಟು ತಿಳಿಯಾಗುತ್ತದೆ ಎಂದು ಒಂದು ದಿನವೂ ಕೇಳಿರಲಿಲ್ಲ.