ಪೆಟ್ರೋಲ್ ಮುಚ್ಚಳದ ಗಂಧ

ಅದು ಯುದ್ಧದ ಕಾಲ, ಪೆಟ್ರೋಲಿಗೆ ಕೂಪನ್ ಇತ್ತು. ಆಯುಧಪೂಜೆಯ ಮರುದಿನ ಧಣಿಗಳ ಸಣ್ಣ ಲಾರಿಯಲ್ಲಿ ಹೊರಟಿದ್ದೆ. ಕಂಕನಾಡಿಯಲ್ಲಿ ಹೆರಿಗೆ ಮಾಡಿಸುವ ಬಾಯಮ್ಮ ಕೈ ಅಡ್ಡ ಹಿಡಿದರು. ಕುಲಶೇಖರದಲ್ಲಿ ಒಬ್ಬಳಿಗೆ ನೋವು ಶುರುವಾಗಿತ್ತಂತೆ.

"ಹತ್ತಿ ಬಾಯಮ್ಮ, ಈಗ ಮುಟ್ಟಿಸ್ತೇನೆ" ಅಂದೆ.

ಬಿಕರ್ನಕಟ್ಟೆಯ ಏರಿನಲ್ಲಿ ಎಂಜಿನ್ ಕೆಮ್ಮಿ ನಿಂತಿತು. ಪೆಟ್ರೋಲ್ ಮುಗಿಯಿತೋ ಎಂದು ಟಾಂಕಿಯ ಮುಚ್ಚಳ ತೆಗೆದು ಕೋಲು ಇಳಿಸಿ ನೋಡಿದೆ, ಬೇಕಾದಷ್ಟು ಉಂಟು. ಬಾಯಮ್ಮ ಕೂತಲ್ಲಿಯೇ ಶಿಲುಬೆಯ ಜಪಮಣಿ ಹಿಡಿದು ಪ್ರಾರ್ಥನೆ ಶುರು ಮಾಡಿದರು. ಹ್ಯಾಂಡಲ್ ತಿರುಗಿಸಿದರೆ, ಚಾಲೂ! ಸ್ವಲ್ಪ ದೂರ ಹೋಗಿ ಮತ್ತೆ ನಿಂತಿತು. ಮತ್ತೆ ನನ್ನ ಕೋಲು, ಅವರ ಜಪ, ಮತ್ತೆ ಚಾಲೂ. ಇನ್ನೊಮ್ಮೆ ನಿಂತಾಗ ಅವರು, "ಮಗು ನಿನ್ನ ಲಾರಿಗೆ ಕಾಯುವುದಿಲ್ಲ ಮಾರಾಯ" ಎಂದರು.

ಬೆವರು ಒರೆಸುತ್ತ ಆ ಮುಚ್ಚಳವನ್ನೇ ತಿರುಗಿಸಿ ನೋಡಿದೆ. ಗಾಳಿ ಒಳಗೆ ಹೋಗಲು ಅದರಲ್ಲೊಂದು ಸಣ್ಣ ತೂತು ಇರುತ್ತದೆ. ಪೂಜೆಯ ದಿನ ಧಣಿಗಳ ತಾಯಿ ಭಕ್ತಿಯಿಂದ ಮೆತ್ತಿದ ಗಂಧ ಒಣಗಿ ತೂತು ಮುಚ್ಚಿಹೋಗಿತ್ತು. ಗಾಳಿಯಿಲ್ಲದೆ ಪೆಟ್ರೋಲ್ ಇಳಿಯುತ್ತಿರಲಿಲ್ಲ. ನಾನು ಮುಚ್ಚಳ ತೆಗೆದಾಗ ಮಾತ್ರ ಇಳಿಯುತ್ತಿತ್ತು. ಬಾಯಮ್ಮನ ಸೆರಗಿನ ಪಿನ್ನು ಕೇಳಿ ತೆಗೆದುಕೊಂಡು ಚುಚ್ಚಿದೆ. ಮತ್ತೆ ಲಾರಿ ಎಲ್ಲಿಯೂ ನಿಲ್ಲಲಿಲ್ಲ.

ಅಂಗಳದಲ್ಲಿ ಕಾಯುತ್ತಿದ್ದ ನನಗೆ ಒಳಗಿನಿಂದ ಮಗುವಿನ ಅಳು ಕೇಳಿದಾಗಲೇ ಹೋದ ಜೀವ ಬಂದದ್ದು. ಕೈ ಒರೆಸುತ್ತ ಹೊರಗೆ ಬಂದ ಬಾಯಮ್ಮನಿಗೆ ಗಂಧದ ಕಥೆಯನ್ನು ಸ್ವಲ್ಪ ಜಂಬದಿಂದಲೇ ವಿವರಿಸಿದೆ.

"ಹಾಗಾದರೆ ನಿಲ್ಲಿಸಿದ್ದು ನಿಮ್ಮ ಗಂಧ, ಹೊರಡಿಸಿದ್ದು ನನ್ನ ಜಪ" ಎಂದರು ಅವರು. "ನೀನು ಮಾಡಿದ್ದು ಎಂತ ಮಾರಾಯ?"

ನಾನು ಕಿಸೆಯಿಂದ ಪಿನ್ನು ತೆಗೆದು ವಾಪಸು ಕೊಟ್ಟೆ. ಅದು ಕೂಡ ಅವರದ್ದೇ.