ಗಂಟೆಗೆ ನಿಂತ ಕೈ

ಕ್ಲಾರಾಳಿಗೆ ಮದುವೆಯಾಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ಕಾಪುವಿನಲ್ಲಿ ಅಣ್ಣ ಸಿಲ್ವೆಸ್ಟರನ ಮನೆಯ ಹಿಂದಿನ ಶೆಡ್ಡಿನಲ್ಲಿ ಟಿ-ಶರ್ಟುಗಳಿಗೆ ಅಚ್ಚು ಹಾಕುವುದು ಅವಳ ಕೆಲಸ. ಅತ್ತಿಗೆ ಜೆರ್ಟ್ರೂಡ್ ಅದನ್ನು ಕೆಲಸವೆನ್ನುತ್ತಿರಲಿಲ್ಲ, ಕೂತು ತಿನ್ನುವುದಕ್ಕೊಂದು ನೆವ ಎನ್ನುತ್ತಿದ್ದಳು.

ಮರದ ಚೌಕಟ್ಟಿಗೆ ಬಿಗಿದ ತೆಳು ಬಲೆಬಟ್ಟೆ, ಅದರ ಮೇಲೆ ಶಾಯಿ, ಶಾಯಿ ಎಳೆಯಲು ರಬ್ಬರಿನ ಪಟ್ಟಿ. ಕಡಲ ಗಾಳಿಗೆ ಶಾಯಿ ಬೇಗ ಒಣಗಿ ಬಲೆಯ ಕಣ್ಣುಗಳಲ್ಲಿ ಗಟ್ಟಿಯಾಗುತ್ತದೆ. ಒಣಗಿದ್ದನ್ನು ಉಜ್ಜಿ ತೆಗೆದರೆ ಶಾಯಿಯ ಜೊತೆ ಬಲೆಯ ಮೇಲಿನ ಚಿತ್ರದ ಅಚ್ಚೂ ಕಿತ್ತು ಬರುತ್ತದೆ. ಆದ್ದರಿಂದ ಕ್ಲಾರಾ ಪ್ರತಿ ಅಚ್ಚಿನ ನಂತರ ಚೌಕಟ್ಟನ್ನೆತ್ತಿ, ಒತ್ತದೆ, ಶಾಯಿಯನ್ನು ಒಮ್ಮೆ ಹಗುರವಾಗಿ ಹಿಂದಕ್ಕೆಳೆದು ಬಲೆಯನ್ನು ಹಸಿಯಾಗಿಡುತ್ತಿದ್ದಳು. ಬಲೆಯ ಅಡಿಭಾಗಕ್ಕೆ ಅಂಟಿದ್ದನ್ನು ಆಗಾಗ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು.

ಕಷ್ಟವಿದ್ದದ್ದು ಮಧ್ಯಾಹ್ನದ ಆಮೋರಿ ಗಂಟೆಯಲ್ಲಿ. ಇಗರ್ಜಿಯ ಗಂಟೆ ಕೇಳಿದೊಡನೆ ಆ ಮನೆಯಲ್ಲಿ ಎಲ್ಲರೂ ಇದ್ದಲ್ಲೇ ನಿಂತು ಆಮೋರಿ ಪ್ರಾರ್ಥನೆ ಹೇಳಬೇಕು. ಕ್ಲಾರಾ ಮೊದಲ ಬಡಿತಕ್ಕೇ ಶಾಯಿ ಹಿಂದಕ್ಕೆಳೆದು, ಆಮೇಲೆ ಶಿಲುಬೆಯ ಗುರುತು ಮಾಡುತ್ತಿದ್ದಳು. ಒಂದು ದಿನ ಜೆರ್ಟ್ರೂಡ್ ಅದನ್ನು ಕಂಡಳು.

"ದೇವದೂತ ಮರಿಯಮ್ಮನಿಗೆ ಸುದ್ದಿ ತಂದ ಹೊತ್ತಿಗೆ ನಿನ್ನ ಕೈಗೆ ಎಂತ ತುರಿಕೆ?"

"ಒಣಗ್ತದೆ, ವೊನ್ನಿ" ಎಂದಳು ಕ್ಲಾರಾ ಅತ್ತಿಗೆಗೆ.

"ಒಣಗಲಿ. ನೀನು ಒಣಗಲಿಲ್ಲವಾ?"

ಆ ವರ್ಷ ಕಾರ್ಕಳದ ಪ್ರೆಸಿಲ್ಲಾ ಚಿಕ್ಕಮ್ಮ ಹಾಸಿಗೆ ಹಿಡಿದಳು. ನೋಡಿಕೊಳ್ಳಲು ಬಂದವರಿಗೆಲ್ಲ ಊರುಗೋಲಿನಿಂದ ಬಾರಿಸುವವಳು, ಯಾರೂ ನಿಲ್ಲುತ್ತಿರಲಿಲ್ಲ. ಕ್ಲಾರಾಳನ್ನು ಕಳುಹಿಸೋಣವೆಂದು ಜೆರ್ಟ್ರೂಡ್ ಹೇಳಿದಳು. ಸಿಲ್ವೆಸ್ಟರ್ ತಲೆ ಕೆರೆದುಕೊಂಡ.

"ಮಣಿಪಾಲದ ಹುಡುಗರ ಆರ್ಡರ್ ಉಂಟಲ್ಲ, ಅದು ಸರಿಯಾಗಿ ಹೋದರೆ ನೀನು ಇಲ್ಲೇ ಇರು. ಕೆಟ್ಟರೆ ಕಾರ್ಕಳ" ಎಂದು ತಂಗಿಗೆ ಹೇಳಿದ.

ಹಾಸ್ಟೆಲಿನ ಹುಡುಗರಿಗೆ ಎದೆಯ ಮೇಲೆ ಹುಲಿಮುಖ ಬೇಕಿತ್ತು. ಮೀಸೆಯ ಗೆರೆಗಳು ಕೂದಲಿನಷ್ಟು ತೆಳು. ಸಂಜೆಯೊಳಗೆ ಕೊಡಬೇಕು. ಅರ್ಧ ಮುಗಿಯುವಾಗ ಗಂಟೆ ಹೊಡೆಯಿತು. ಕ್ಲಾರಾಳ ಕೈ ರಬ್ಬರಿನ ಪಟ್ಟಿಯತ್ತ ಹೋಯಿತು.

"ಕೈ!" ಜೆರ್ಟ್ರೂಡ್ ಬಾಗಿಲಲ್ಲಿದ್ದಳು. ಸಿಲ್ವೆಸ್ಟರ್ ಅವಳ ಹಿಂದೆ, ತಲೆ ತಗ್ಗಿಸಿ.

ಕೈ ನಿಂತಿತು. ಆಮೋರಿ ಮುಗಿಯಿತು, ಜೆರ್ಟ್ರೂಡ್ ಮುಗಿಸಲಿಲ್ಲ. ಸತ್ತ ಅತ್ತೆ ಮಾವಂದಿರ ಆತ್ಮಗಳಿಗೊಂದು, ಕಡಲಿಗೆ ಹೋದವರಿಗೊಂದು, ಕಾರ್ಕಳದ ಚಿಕ್ಕಮ್ಮನ ಆರೋಗ್ಯಕ್ಕೊಂದು, ಆಮೇಲೆ ಸಂತರ ಉದ್ದನೆಯ ಸಾಲು. ಪ್ರತಿ ಸಂತನ ಹೆಸರಿಗೂ ಕ್ಲಾರಾ "ನಮಗಾಗಿ ಪ್ರಾರ್ಥಿಸಿ" ಎಂದಳು. ಶಾಯಿಯ ಹೊಳಪು ಅಂಚಿನಿಂದ ಆರುತ್ತ ಬರುವುದನ್ನು ನೋಡುತ್ತಲೇ ಎಂದಳು. ಕೈ ಚಾಚಿದ್ದರೆ ಪಟ್ಟಿ ಸಿಗುತ್ತಿತ್ತು. ಅನ್ನ ಹಾಕುವವರ ಮಾತು ಮೀರಿ ಚಾಚಿ ಅಭ್ಯಾಸವಿರಲಿಲ್ಲ.

ಸಂಜೆ ಬಂದ ಹುಡುಗ ಮೀಸೆಯ ಗೆರೆಗಳೇ ಮೂಡದ ಅಂಗಿಯನ್ನು ಬೆಳಕಿಗೆ ಹಿಡಿದ. "ಇದು ಹುಲಿಯೋ ಹಲಸಿನ ಹಣ್ಣೋ, ಮಾರಾಯ್ರೆ?"

ಕ್ಲಾರಾ ಅಣ್ಣನ ಮುಖ ನೋಡಿದಳು. ಅವನೂ ಪ್ರಾರ್ಥನೆಯಲ್ಲಿ ನಿಂತಿದ್ದವನೇ. "ನಾಳೆ ಬೆಳಗ್ಗಿನ ಬಸ್ಸು" ಎಂದ.

ಪ್ರೆಸಿಲ್ಲಾ ಬೇಗ ಸಾಯಲಿಲ್ಲ. ಅವಳು ಸತ್ತು, ಮಣ್ಣು ಮಾಡಿ, ಕ್ಲಾರಾ ಕಾಪುವಿಗೆ ಮರಳುವಾಗ ಅವಳ ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ; ಊರುಗೋಲಿನ ಕೊಡುಗೆ. ಮನೆಯೊಳಗೆ ಹೋಗದೆ ನೇರ ಶೆಡ್ಡಿಗೆ ನಡೆದಳು. ಜೆರ್ಟ್ರೂಡ್ ಸ್ವತಃ ಅಚ್ಚು ಹಾಕುತ್ತಿದ್ದಳು, ಕೆಲಸ ಜೋರಾಗಿತ್ತು.

ಗಂಟೆ ಹೊಡೆಯಿತು. ಜೆರ್ಟ್ರೂಡ್ ಚೌಕಟ್ಟನ್ನೆತ್ತಿದಳು, ಶಾಯಿಯನ್ನು ಹಗುರವಾಗಿ ಹಿಂದಕ್ಕೆಳೆದಳು, ಆಮೇಲೆ ಶಿಲುಬೆಯ ಗುರುತು ಮಾಡಿ ಆಮೋರಿಯನ್ನು ನಾಲಿಗೆಯ ತುದಿಯಲ್ಲೇ ಮುಗಿಸಿದಳು.

"ವೊನ್ನಿ, ಕೈ" ಎಂದಳು ಕ್ಲಾರಾ.

"ಎಂತ ಕೈ? ಒಣಗುವುದಿಲ್ಲವಾ?" ಜೆರ್ಟ್ರೂಡ್ ತಲೆಯೆತ್ತಲಿಲ್ಲ. "ಒಳ್ಳೆಯದಾಯ್ತು ಬಂದದ್ದು. ಉಚ್ಚಿಲದಲ್ಲಿ ರೊಸಾರಿಯೊ ಮಾಸ್ತರರ ತಾಯಿ ಬಿದ್ದು ಹಾಸಿಗೆ ಹಿಡಿದಿದ್ದಾರಂತೆ. ನಿನಗೆ ಅಭ್ಯಾಸ ಉಂಟಲ್ಲ, ನಾನು ಮಾತು ಕೊಟ್ಟಾಗಿದೆ. ಚೀಲ ಬಿಚ್ಚಬೇಡ."

ಕ್ಲಾರಾ ಚೀಲವನ್ನು ಕೆಳಗಿಟ್ಟೇ ಇರಲಿಲ್ಲ.