ಪಟ್ಟಿಯಲ್ಲಿ ಇಲ್ಲದ ಬೈಗುಳ

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹತ್ತಿರ ಗಂಗಕ್ಕನ ಖಾನಾವಳಿ ಇದೆ. ಮೊನ್ನೆ ಅಲ್ಲಿ ಊಟಕ್ಕೆ ಮೊದಲು ಬಿಸಿ ಮಿರ್ಚಿ ಭಜಿ ಬಂತು, ಒಂದು ವಾರಪತ್ರಿಕೆಯ ತುಂಡಿನ ಮೇಲೆ. ಮಿರ್ಚಿ ಎತ್ತಿದಂತೆಲ್ಲ ಎಣ್ಣೆಯ ಕಲೆಯೊಳಗಿಂದ ಅಕ್ಷರಗಳು ಮೇಲೇಳತೊಡಗಿದವು. ಕೊನೆಯದನ್ನು ಎತ್ತಿದಾಗ ಪತ್ರಿಕೆಯ ಹೆಸರಿನ ಪಕ್ಕ ದುಂಡನೆಯ ಮುದ್ರೆಯೊಂದು ಕಂಡಿತು: ‘ಸಭ್ಯ ಪತ್ರಿಕೆ’. ಆ ಮುದ್ರೆ ಕೊಟ್ಟ ಮಂಡಳಿಯಲ್ಲಿ ನಾನೂ ಒಬ್ಬ ಇದ್ದೆ ಮಾರಾಯರೇ.

ಕೆಲವು ವರ್ಷಗಳ ಹಿಂದೆ ರೋಣ, ನರಗುಂದ, ಗಜೇಂದ್ರಗಡದ ಒಂದಿಷ್ಟು ಹಿರಿಯರಿಗೆ ಒಮ್ಮೆಲೇ ಕನ್ನಡದ ಚಿಂತೆ ಹತ್ತಿತು. ಟಿವಿಯಲ್ಲಿ, ಪತ್ರಿಕೆಗಳಲ್ಲಿ ಹೊಲಸು ಮಾತು ಹೆಚ್ಚಾಗಿದೆ, ಅದನ್ನು ಅಳೆದು ವರದಿ ಮಾಡಬೇಕು ಎಂದು ರೋಣದಲ್ಲಿ ಒಂದು ಮಂಡಳಿ ಹುಟ್ಟಿಕೊಂಡಿತು. ನರಗುಂದದ ನಿವೃತ್ತ ಮಾಸ್ತರರೊಬ್ಬರು ಅಧ್ಯಕ್ಷರು. ವರದಿ ಬರೆಯುವ ಕೆಲಸ ನನ್ನದು. ನನ್ನ ಅಕ್ಷರ ದುಂಡಗಿದೆ ಎನ್ನುವುದು ಬಿಟ್ಟರೆ ಬೇರೆ ಅರ್ಹತೆಯನ್ನು ಯಾರೂ ಕೇಳಲಿಲ್ಲ, ಇರಲೂ ಇಲ್ಲ.

ಅಳೆಯಬೇಕೆಂದರೆ ಹೊಲಸು ಶಬ್ದಗಳದೊಂದು ಪಟ್ಟಿ ಬೇಕಲ್ಲ? ಮಾಸ್ತರರು ಬರೆದು ತಂದರು. ಆದರೆ ಅಂಥ ಮಾತನ್ನು ತಮ್ಮ ಕೈಯಾರೆ ಪೂರ್ತಿ ಬರೆಯುವುದುಂಟೆ? ಮೊದಲ ಅಕ್ಷರ ಬರೆದು ಮುಂದೆಲ್ಲ ಚುಕ್ಕಿ ಇಟ್ಟಿದ್ದರು. ಅರಿವೆ ಅಂಗಡಿಯ ಖಾದರಸಾಬನೂ ಮಂಡಳಿಯವನೇ. ಕನ್ನಡಕ ಏರಿಸಿ ನೋಡಿದ.

“ಮಾಸ್ತರ, ಈ ಚುಕ್ಕಿ ಜಾಗಾದಾಗ ಏನ್ರಿ ಐತಿ?”

“ನೀವ ತಿಳಕೋರಿ.”

“ನಾ ತಿಳಕೊಂಡದ್ದು ನಿಮ್ಮದಕಿಂತ ಭಾಳ ಖಾರ ಐತ್ರಿ.”

ಅಂದು ಟಿವಿ ಇನ್ನೂ ಹಚ್ಚಿರಲಿಲ್ಲ. ಆದರೂ ಮೂರೂ ಊರಿನ ಹೊಲಸೆಲ್ಲ ಆ ಕೋಣೆಯಲ್ಲಿ ಕುಳಿತಿದ್ದ ಸಭ್ಯರ ತಲೆಯೊಳಗೇ ಇತ್ತೆಂದು ನನ್ನ ಗುಮಾನಿ.

ಅಳತೆಗೆ ಒಂದು ಹಿತ್ತಾಳೆಯ ಸೇರು ಇಟ್ಟೆವು. ಟಿವಿಯಲ್ಲಿ ಒಂದು ಹೊಲಸು ಮಾತು ಬಂದರೆ ಸೇರಿಗೆ ಒಂದು ಪುಟಾಣಿ, ಅಂದರೆ ಹುರಿಗಡಲೆ. ಚರ್ಚೆಯ ಕಾರ್ಯಕ್ರಮ ಶುರುವಾಯಿತು. ಪುಟಾಣಿ ಪಟಪಟ ಬಿದ್ದವು. ಮಾತಿನ ಬದಲು ‘ಕೂಂ’ ಎಂದು ಶಬ್ದ ಬಂದರೆ ಅರ್ಧ ಪುಟಾಣಿಯೋ ಪೂರ್ತಿಯೋ ಎಂದು ನಮ್ಮಲ್ಲೇ ವಾದ ಎದ್ದಿತು. ಟಿವಿಯವರಿಗಿಂತ ನಾವೇ ಜೋರಾದೆವು. ಎಲ್ಲ ಮುಗಿದ ಮೇಲೆ ಸೇರಿನಲ್ಲಿ ಇಣುಕಿದರೆ ತಳ ಹೊಳೆಯುತ್ತಿತ್ತು.

“ಜಗಳ ರಂಗಿಗೆ ಬಂದಿತ್ರಿ,” ಎಂದ ಖಾದರಸಾಬ, ಬಾಯಿ ಒರೆಸಿಕೊಳ್ಳುತ್ತ. “ಕೈ ತಾನ ಹೋತು.”

ಪುರಾವೆ ಅವನ ಹೊಟ್ಟೆಯಲ್ಲಿತ್ತು. ಹೊಲಸು ಮಾತು ಗಣನೀಯವಾಗಿ ಇಳಿಮುಖವಾಗಿದೆ ಎಂದು ನಾನು ದುಂಡಗೆ ಬರೆದೆ.

ನನಗೆ ಮಾತು ಕಲಿಸಿದವಳು ಬೆಳವಣಕಿಯ ದೊಡ್ಡವ್ವ. ಅವಳ ಬಾಯಿಗೆ ಈ ಸೇರು ಎಲ್ಲಿ ಸಾಕು? ಕಣಜವೇ ಬೇಕು. ಮುಂಜಾನೆ ಎಮ್ಮೆಯಿಂದ ಶುರುವಾದರೆ ಸಂಜೆ ಊರಗೌಡನವರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಆದರೆ ಅವಳ ಮನೆಯಲ್ಲಿ ಬೈಗುಳಕ್ಕೊಂದು ರೀತಿ ಇತ್ತು. ಬೈಯುವುದಿದ್ದರೆ ಮಾರಿಗೆ ಮಾರಿ ನಿಂತು ಬೈಯಬೇಕು. ಬೈಸಿಕೊಂಡವರನ್ನು ಉಣ್ಣಿಸದೆ ಕಳಿಸಬಾರದು. ಹೋಳಿ ಹುಣ್ಣಿಮೆಗೆ ಓಣಿಯ ಹುಡುಗರು ಬಾಯಿಗೆ ಬಂದಂತೆ ಒದರಾಡಿದರೆ ಸುಮ್ಮನಿರುತ್ತಿದ್ದಳು. ಕಾಮನನ್ನು ಸುಟ್ಟ ಮರುದಿನ ಒಂದು ಮಾತು ಹೆಚ್ಚಾದರೂ ಮೊಂಡು ಕಸಬರಿಗೆ ಎತ್ತುತ್ತಿದ್ದಳು. ಟಿವಿಯ ಚರ್ಚೆ ನೋಡಿ ಒಮ್ಮೆ ಕೇಳಿದಳು: “ತಮ್ಮಾ, ಇವರ ಊರಾಗ ಕಾಮಣ್ಣನ್ನ ಸುಡೂದ ಇಲ್ಲೇನು?”

ಇರಲಿ. ಟಿವಿ ಮುಗಿಸಿ ನಾವು ಪತ್ರಿಕೆಗಳಿಗೆ ಬಂದೆವು. ಅವುಗಳಲ್ಲೊಂದು ಈ ವಾರಪತ್ರಿಕೆ. ಅದರ ಸಂಪಾದಕ ಒಂದು ಮಧ್ಯಾಹ್ನ ಗಂಗಕ್ಕನ ಖಾನಾವಳಿಗೆ ಬಂದಿದ್ದ. ಗದ್ದಲವಿತ್ತು. ತನಗೆ ಮೊದಲು ಬಡಿಸೆಂದ. “ಪಾಳಿ ಬಂದ ಮ್ಯಾಲೆ ನಿಮಗೂ ಬಡಸ್ತೇನ್ರಿ,” ಎಂದಳು ಗಂಗಕ್ಕ. ಮುಂದಿನ ವಾರ ಪತ್ರಿಕೆಯಲ್ಲಿ ಹೀಗೆ ಬಂತು: ‘ಬಸ್ ನಿಲ್ದಾಣದ ಬಳಿ ಖಾನಾವಳಿ ನಡೆಸುತ್ತಿರುವ ಮಾನ್ಯ ವಿಧವೆಯೋರ್ವರಲ್ಲಿ ಊಟದ ಹೊರತು ಇನ್ನೇನು ದೊರೆಯುತ್ತದೆ ಎಂಬುದು ಪ್ರಜ್ಞಾವಂತ ನಾಗರಿಕರ ಪ್ರಶ್ನೆಯಾಗಿದೆ.’

ಅಷ್ಟೇ. ಮನೆಮಂದಿಯನ್ನು ಕರೆದುಕೊಂಡು ಬರುತ್ತಿದ್ದವರು ಬರುವುದನ್ನು ಬಿಟ್ಟರು. ರೊಟ್ಟಿ ಬಡಿಯುತ್ತಿದ್ದ ಹೆಣ್ಣುಮಕ್ಕಳನ್ನು ಅವರ ಮನೆಯವರು ಬಿಡಿಸಿಕೊಂಡರು. ನಾನು ಹೋದಾಗ ಗಂಗಕ್ಕ ಒಬ್ಬಳೇ ಒಲೆಯ ಮುಂದಿದ್ದಳು.

“ಬೈದಿದ್ರ ತಿರಗಿ ಬೈತಿದ್ನಿರಿ ಅಣ್ಣಾರ. ಮಾನ್ಯ ಅಂದಾನ. ಏನಂತ ಬೈಲಿ?”

ನಾನು ಆ ಸುದ್ದಿಯನ್ನು ಮಂಡಳಿಯ ಮುಂದಿಟ್ಟೆ. ಮಾಸ್ತರರು ಪಟ್ಟಿಯನ್ನು ನನ್ನತ್ತ ಸರಿಸಿದರು.

“ಇದರಾಗಿನ ಒಂದ ಶಬ್ದಾ ಅದರಾಗ ತೋರಸ್ರಿ, ನೋಡೂನು.”

ಒಂದೂ ಇರಲಿಲ್ಲ. ಪತ್ರಿಕೆಯ ತುಂಬ ಹುಡುಕಿದರೂ ಸೇರಿಗೆ ಒಂದು ಪುಟಾಣಿ ಬೀಳಲಿಲ್ಲ. ಪಾಪ, ಖಾದರಸಾಬನ ಬಾಯಿಗೂ ಏನೂ ಸಿಗಲಿಲ್ಲ. ನಾನೊಬ್ಬ ಬೇಡವೆಂದೆ, ಉಳಿದವರು ಹೂಂ ಎಂದರು. ‘ಸಭ್ಯ ಪತ್ರಿಕೆ’ ಪುರಸ್ಕಾರ ಅದಕ್ಕೇ ಹೋಯಿತು.

ಸಮಾರಂಭ ಗಜೇಂದ್ರಗಡದಲ್ಲೇ. ನಡೆದದ್ದನ್ನೆಲ್ಲ ದೊಡ್ಡವ್ವನಿಗೆ ಹೇಳಿದ್ದೆ. “ನನ್ನೂ ಕರಕೊಂಡ ನಡಿ,” ಎಂದಳು. ಮುಂದಿನ ಸಾಲಿನಲ್ಲಿ ಕೂರಿಸಿದೆ. ಸಂಪಾದಕನಿಗೆ ಶಾಲು ಹೊದಿಸಿದರು, ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತಿತು, ದೊಡ್ಡವ್ವ ಎದ್ದಳು.

“ಏ ತಮ್ಮಾ, ನಿನ್ನ ಹೆಣಾ ಎತ್ಲಿ! ಗಂಗವ್ವನ ಸುದ್ದಿ ಬರದಾಂವ ನೀನ ಏನು? ಆಕಿ ಪಾಳಿ ಹಚ್ಚು ಅಂದ್ರ ನಿನ್ನ ಗಂಟ ಹೋತೇನೋ ಖೋಡಿ?”

ಇದು ಪೀಠಿಕೆ. ಮುಂದಿನದನ್ನು ನಾನಿಲ್ಲಿ ಬರೆಯುವಂತಿಲ್ಲ. ಮಾಸ್ತರರ ಪಟ್ಟಿಯ ಚುಕ್ಕಿಗಳೆಲ್ಲ ಒಂದೊಂದಾಗಿ ತುಂಬಿದವು ಎಂದರೆ ಸಾಕು. “ಅಜ್ಜೀ, ಇದು ಸಭ್ಯ ಭಾಷಾದ ಸಭಾರಿ!” ಎಂದು ಮಾಸ್ತರರು ಮೈಕಿನಲ್ಲಿ ಅಳುದನಿ ತೆಗೆದರು. “ಪುಟಾಣಿ ಚೀಲನ ತರಬೇಕಿತ್ತಲೇ,” ಎಂದು ಖಾದರಸಾಬ ನನ್ನ ಕಿವಿಯಲ್ಲಿ ಉಸುರಿದ.

ಮನಸಾರೆ ಬೈದು ಮುಗಿಸಿ ದೊಡ್ಡವ್ವ ನೀರು ಕುಡಿದಳು. ದನಿ ತಣ್ಣಗಾಯಿತು.

“ಹೂಂ, ಬೈದ್ನಿ. ಇನ್ನ ಉಣ್ಣಾಕ ನಡಿ. ಗಂಗವ್ವನ ಖಾನಾವಳಿಗೆ ಹೋಗೂನು. ನನ್ನ ಬಾಜೂಕ ಕುಂದರು. ಆಕಿ ಮಾರಿ ನೋಡಕೋತ ಉಣ್ಣು.”

ಸಂಪಾದಕ ಶಾಲು ಸರಿಪಡಿಸಿಕೊಂಡು ಮೊಬೈಲ್ ನೋಡತೊಡಗಿದ. ಆಗ ಖಾದರಸಾಬ ಎದ್ದ.

“ದೊಡ್ಡವ್ವಾ, ನಾ ಬರ್ತೇನಿ. ಬೈಸಿಕೊಳ್ಳದನ ಉಂಡ್ರ ನಡೀತೈತೇನು?”

“ನಿನಗೂ ಬೈತೇನಿ, ನಡಿ.”

ಜನ ನಕ್ಕರು, ನಗುತ್ತಲೇ ಎದ್ದರು. ಹೆಂಡಿರು ಮಕ್ಕಳ ಸಮೇತ ಅರ್ಧ ಸಭೆ ದೊಡ್ಡವ್ವನ ಬೆನ್ನು ಹತ್ತಿತು. ಗಂಗಕ್ಕ ಬಾಗಿಲಲ್ಲಿ ಒಂದು ಗಳಿಗೆ ನಿಂತು ನೋಡಿ, ಸೆರಗು ಬಿಗಿದು ಒಲೆಗೆ ಕಟ್ಟಿಗೆ ಒಟ್ಟಿದಳು. ಕೊನೆಗೆ ಮಾಸ್ತರರೂ ಬಂದು ಮೂಲೆಯಲ್ಲಿ ಕುಳಿತರು. ಅವರಿಗೂ ಪಾಳಿ ಬಂದ ಮೇಲೆಯೇ ರೊಟ್ಟಿ ಬಿತ್ತು.

ಮುಂದಿನ ವಾರದ ಪತ್ರಿಕೆ: ‘ವೃದ್ಧೆಯಿಂದ ಅಶ್ಲೀಲ ನಿಂದನೆ, ಸಂಯಮ ಮೆರೆದ ಸಂಪಾದಕರು’. ಪಟ್ಟಿ ಹಿಡಿದು ನೋಡಿ, ಕಲೆ ಇಲ್ಲ.

ದೊಡ್ಡವ್ವ ತೀರಿಹೋಗಿ ಒಂದು ಸುಗ್ಗಿ ಕಳೆಯಿತು.

“ಏನ್ರಿ ಅಣ್ಣಾರ, ಮಿರ್ಚಿ ಮುಗಿಸಿ ಪೇಪರಿಗೆ ಕೈ ಹಾಕೀರಿ?” ಮೊನ್ನೆ ತಲೆ ಎತ್ತಿದರೆ ಗಂಗಕ್ಕ ರೊಟ್ಟಿ ಹಿಡಿದು ನಿಂತಿದ್ದಳು. ಮುದ್ರೆ ತೋರಿಸಿದೆ.

“ವಾರಾ ವಾರಾ ತರಸ್ತೇನ್ರಿ,” ಎಂದಳು. “ಎಣ್ಣಿ ಚಲೋ ಹೀರತೈತಿ.”

ಅಷ್ಟರಲ್ಲಿ ಗೋಡೆಯ ಮೇಲಿನ ಟಿವಿಯಲ್ಲಿ, ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಬಾಯಿಗೆ ಒಬ್ಬ ಮೈಕು ಹಿಡಿದ. ಎಂಥ ನಯ, ಎಂಥ ವಿನಯ! “ಅಮ್ಮಾ, ಈ ಕ್ಷಣದಲ್ಲಿ ತಮಗೆ ಹೇಗನ್ನಿಸುತ್ತಿದೆ?”

“ನಿನ್ನ ಹೆಣಾ ಎತ್ಲಿ!”

ಖಾನಾವಳಿಯೆಲ್ಲ ತಿರುಗಿ ನೋಡಿತು. ಕೂಗಿದವನು ನಾನೇ. ಜನ್ಮದಲ್ಲಿ ಯಾರಿಗೂ ಒಂದು ಮಾತು ಬೈಯದ ಬಾಯಿ ಇದು. ಅದರಿಂದ ದೊಡ್ಡವ್ವನ ದನಿಯೇ ಹೊರಬಿದ್ದಂತಾಯಿತು. ಮುಂದಿನದೂ ಬಂತು, ಚುಕ್ಕಿ ಬಿಡದೆ.

ಗಂಗಕ್ಕ ಕೈಚಾಚಿ ಟಿವಿ ಆರಿಸಿದಳು. ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕಿದಳು.

“ಹೂಂ, ಬೈದ್ರಿ. ಇನ್ನ ಉಣ್ರಿ.”